1940ರ ಬಾಡಿಗೆ: ಮುಂಬಯಿಯ ಮನೆ ಬಾಡಿಗೆ ಕಾನೂನು ನಡೆದು ಬಂದ ದಾರಿ

ಮನೆ ಬಾಡಿಗೆಯನ್ನು ಎಷ್ಟು ಏರಿಸಬಹುದು, ಯಾವ ಕಾರಣಕ್ಕೆ ಏರಿಸಬಹುದು ಮತ್ತು ಯಾವ ಮನೆಗಳು ಈ ಕಟ್ಟಳೆಯ ಹೊರಗುಳಿಯುತ್ತವೆ ಎಂಬುದನ್ನು ಶಾಸನದಿಂದಲೇ ಗೊತ್ತುಪಡಿಸುವ ಪದ್ಧತಿ ಭಾರತದಲ್ಲಿ ಬೇರೂರಿದ್ದು ಮೊದಲನೆಯ ಮಹಾಯುದ್ಧದ ಕೊನೆಯ ವರ್ಷವಾದ 1918ರಲ್ಲಿ, ಮುಂಬಯಿ ನಗರದಲ್ಲಿ. ಯುದ್ಧದ ಬಿಸಿ ಆರುವವರೆಗೆ ಮಾತ್ರ ಎಂದು ಹೇಳಿ ತಂದ ಆ ಏರ್ಪಾಟು ಸುಮಾರು ಹತ್ತು ವರ್ಷಗಳಲ್ಲೇ ಕಳಚಿಬಿದ್ದಿತಾದರೂ, ಎರಡನೆಯ ಮಹಾಯುದ್ಧದ ಕಾಲಕ್ಕೆ ಅದೇ ಮಾದರಿಯಲ್ಲಿ ಮತ್ತೆ ಹುಟ್ಟಿಬಂದ ಕಾನೂನು 1940ರ ಸೆಪ್ಟೆಂಬರ್ 1ರಂದು ಇದ್ದ ಬಾಡಿಗೆಯನ್ನು ಶತಮಾನದ ಕೊನೆಯವರೆಗೂ ಹೆಚ್ಚುಕಡಿಮೆ ಅಲುಗಾಡದಂತೆ ಹಿಡಿದಿಟ್ಟಿತು. ಲಕ್ಷಾಂತರ ದುಡಿಯುವ ಕುಟುಂಬಗಳು ಬೀದಿಗೆ ಬೀಳದಂತೆ ಕಾಪಾಡಿದ ಶ್ರೇಯಸ್ಸೂ, ಅದೇ ಕುಟುಂಬಗಳು ವಾಸಿಸುತ್ತಿದ್ದ ಕಟ್ಟಡಗಳು ಶಿಥಿಲಗೊಂಡು ಕುಸಿದ ಹೊಣೆಯೂ ಈ ಒಂದೇ ಕಾನೂನಿಗೆ ಸಲ್ಲುತ್ತವೆ. ಆದುದರಿಂದ ಅದು ಯಾವ ಒತ್ತಡದಲ್ಲಿ ಹುಟ್ಟಿತು, ಎಲ್ಲಿ ದಾರಿ ತಪ್ಪಿತು, ತಪ್ಪನ್ನು ಸರಿಪಡಿಸಲು ಐವತ್ತು ವರ್ಷ ಏಕೆ ಬೇಕಾಯಿತು ಎಂಬ ಪ್ರಶ್ನೆಗಳು ಇಂದಿನ ಬಾಡಿಗೆದಾರರಿಗೂ ಮಾಲೀಕರಿಗೂ ಸಂಬಂಧಿಸಿದವೇ ಆಗಿವೆ.

ಮುಂಬಯಿಯ ಕಾನೂನಿಗೆ ಮಾದರಿ ಸಿಕ್ಕಿದ್ದು ಬ್ರಿಟನ್ನಿನಲ್ಲಿ. 1914ರಲ್ಲಿ ಯುದ್ಧ ಆರಂಭವಾದೊಡನೆ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಹಡಗುಕಟ್ಟೆಗಳಿಗೂ ಮದ್ದುಗುಂಡಿನ ಕಾರ್ಖಾನೆಗಳಿಗೂ ಸಾವಿರಾರು ಕೆಲಸಗಾರರು ಬಂದು ತುಂಬಿದರು. ಹೊಸ ಮನೆ ಕಟ್ಟುವ ಕೆಲಸ ಯುದ್ಧದಿಂದಾಗಿ ನಿಂತಿತ್ತು. ಮನೆಗಳ ಕೊರತೆಯನ್ನು ಕಂಡ ಮಾಲೀಕರು, ಗಂಡಸರು ರಣರಂಗದಲ್ಲಿದ್ದ ಕುಟುಂಬಗಳನ್ನೂ ಬಿಡದೆ, ಬಾಡಿಗೆಯನ್ನು ಕೆಲವು ಬಡಾವಣೆಗಳಲ್ಲಿ ಶೇ. 25ರವರೆಗೂ ಏರಿಸಿದರು. ಇದಕ್ಕೆ ಎದುರಾಗಿ ನಿಂತವರು ಗೋವನ್ ಬಡಾವಣೆಯ ಮೇರಿ ಬಾರ್ಬರ್, ಹೆಲೆನ್ ಕ್ರಾಫರ್ಡ್ ಮೊದಲಾದವರ ಮುಂದಾಳತ್ವದಲ್ಲಿ ಸಂಘಟಿತರಾದ ಮನೆವಾರ್ತೆಯ ಹೆಂಗಸರು. ಹಳೆಯ ಬಾಡಿಗೆ ಕೊಡುತ್ತೇವೆ, ಏರಿಸಿದ ಭಾಗವನ್ನು ಕೊಡುವುದಿಲ್ಲ ಎಂಬುದು ಅವರ ಪಟ್ಟು. ಮನೆ ಖಾಲಿ ಮಾಡಿಸಲು ಕೋರ್ಟಿನ ಅಮೀನರು ಬಂದಾಗ ಗಂಟೆ ಬಾರಿಸಿ ನೆರೆಹೊರೆಯವರನ್ನೆಲ್ಲ ಸೇರಿಸಿ, ಮೆಟ್ಟಿಲಲ್ಲೇ ಅಡ್ಡಗಟ್ಟಿ, ಮೈಮೇಲೆ ಹಿಟ್ಟು ಎರಚಿ ಹಿಂದಕ್ಕೆ ಅಟ್ಟುವುದು ಅವರ ವಿಧಾನ. 1915ರ ನವೆಂಬರ್ ವೇಳೆಗೆ ಸುಮಾರು 20 ಸಾವಿರ ಕುಟುಂಬಗಳು ಈ ಮುಷ್ಕರದಲ್ಲಿದ್ದವು. ನವೆಂಬರ್ 17ರಂದು ಬಾಡಿಗೆ ಬಾಕಿಗಾಗಿ 18 ಮಂದಿಯನ್ನು ನ್ಯಾಯಾಲಯಕ್ಕೆ ಎಳೆದಾಗ ಕಾರ್ಖಾನೆಗಳ ಕೆಲಸಗಾರರೂ ಹತ್ಯಾರು ಕೆಳಗಿಟ್ಟು ಮೆರವಣಿಗೆಯಲ್ಲಿ ಬಂದು ನ್ಯಾಯಾಲಯದ ಮುಂದೆ ಜಮಾಯಿಸಿದರು. ಮದ್ದುಗುಂಡಿನ ಉತ್ಪಾದನೆ ನಿಂತರೆ ಯುದ್ಧವೇ ಕೈತಪ್ಪೀತೆಂಬ ಆತಂಕದಲ್ಲಿ ಸರ್ಕಾರ ಮಣಿಯಿತು. ಮೊಕದ್ದಮೆಗಳನ್ನು ಕೈಬಿಡಲಾಯಿತು, ಮತ್ತು ಡಿಸೆಂಬರ್ 23ರ ಹೊತ್ತಿಗೆ ಸಣ್ಣ ಮನೆಗಳ ಬಾಡಿಗೆಯನ್ನು ಯುದ್ಧ ಆರಂಭವಾಗುವ ಮೊದಲಿನ, ಅಂದರೆ 1914ರ ಆಗಸ್ಟ್ 3ರ ಮಟ್ಟದಲ್ಲೇ ನಿಲ್ಲಿಸುವ ಕಾಯ್ದೆ ಜಾರಿಗೆ ಬಂದಿತು.

ಈ ಕಾಯ್ದೆಯಲ್ಲಿ ಮುಂದಿನ ಎಲ್ಲ ಬಾಡಿಗೆ ಶಾಸನಗಳ ಮೂಲ ಅಂಗಗಳೂ ಕಾಣಸಿಗುತ್ತವೆ. ಹಿಂದಿನ ಒಂದು ದಿನಾಂಕವನ್ನು ಆರಿಸಿ ಅಂದಿನ ಬಾಡಿಗೆಯನ್ನೇ ಅಧಿಕೃತವೆಂದು ಸಾರುವುದು ಅದರ ತಳಹದಿ. ಈ ಅಧಿಕೃತ ಮೊತ್ತಕ್ಕೆ ಪ್ರಮಾಣಿತ ಬಾಡಿಗೆ ಎಂಬ ಹೆಸರು ಬಿದ್ದಿತು. ಮಾಲೀಕನು ಕಟ್ಟಡವನ್ನು ಉತ್ತಮಪಡಿಸಲು ಹಣ ಹಾಕಿದ್ದರೆ ಅಥವಾ ಸ್ಥಳೀಯ ತೆರಿಗೆ ಏರಿದ್ದರೆ ಅಷ್ಟರ ಮಟ್ಟಿಗೆ ಬಾಡಿಗೆ ಹೆಚ್ಚಿಸಲು ಅವಕಾಶವಿತ್ತು. ದೊಡ್ಡ ಮನೆಗಳು ಕಾಯ್ದೆಯ ವ್ಯಾಪ್ತಿಯಿಂದ ಹೊರಗಿದ್ದವು. ಯುದ್ಧ ಮುಗಿದ ಮೇಲೆ ಬ್ರಿಟನ್ ಮಾಡಿದ ಒಂದು ಕೆಲಸವನ್ನು ಮಾತ್ರ ಭಾರತದ ಶಾಸನಕಾರರು ಅನುಸರಿಸಲಿಲ್ಲ. ಹಣದುಬ್ಬರದಿಂದ ರಿಪೇರಿಯ ಖರ್ಚು ಮಿತಿಮೀರಿದುದನ್ನು ಕಂಡು ಅಲ್ಲಿನ ಸಂಸತ್ತು 1920ರಲ್ಲಿ ಹಳೆಯ ಬಾಡಿಗೆಯ ಮೇಲೆ ಒಟ್ಟು ಸುಮಾರು ಶೇ. 40ರಷ್ಟು ಏರಿಕೆಗೆ ಒಪ್ಪಿಗೆ ನೀಡಿತು. 1923ರಲ್ಲಿ, ಖಾಲಿಯಾಗಿ ಮಾಲೀಕನ ವಶಕ್ಕೆ ಬಂದ ಮನೆಗಳನ್ನು ನಿಯಂತ್ರಣದಿಂದ ಬಿಡುಗಡೆ ಮಾಡಿತು. ಬ್ರಿಟನ್ನಿನ ಬಾಡಿಗೆ ನೀತಿಯ ಗುಣದೋಷಗಳೇನೇ ಇರಲಿ, ಅಂಕಿಯನ್ನು ಕಾಲಕ್ಕೆ ತಕ್ಕಂತೆ ತಿದ್ದಬೇಕೆಂಬ ತಿಳಿವಳಿಕೆ ಅದರಲ್ಲಿತ್ತು.

ಮುಂಬಯಿಯ ಸ್ಥಿತಿ ಗ್ಲಾಸ್ಗೋಗಿಂತ ಕಠಿಣವಾಗಿತ್ತು. ಹತ್ತಿಯ ಗಿರಣಿಗಳು ಕೊಂಕಣ, ಘಟ್ಟದ ಮೇಲಿನ ದೇಶ ಸೀಮೆ, ಗುಜರಾತು ಮತ್ತು ಕನ್ನಡ ಕರಾವಳಿಯಿಂದ ಜನರನ್ನು ಸೆಳೆಯುತ್ತಲೇ ಇದ್ದವು. 1911ರಲ್ಲಿ ಹತ್ತು ಲಕ್ಷಕ್ಕೆ ಸ್ವಲ್ಪ ಕಡಿಮೆಯಿದ್ದ ನಗರದ ಜನಸಂಖ್ಯೆ 1921ರ ವೇಳೆಗೆ ಹನ್ನೊಂದೂಮುಕ್ಕಾಲು ಲಕ್ಷ ಮುಟ್ಟಿತು. 1896ರ ಪ್ಲೇಗಿನ ನಂತರ ಸ್ಥಾಪನೆಯಾದ ನಗರ ಸುಧಾರಣಾ ಟ್ರಸ್ಟ್ ಕೊಳಕು ಗಲ್ಲಿಗಳನ್ನು ಕೆಡವಿ ಅಗಲವಾದ ರಸ್ತೆಗಳನ್ನು ಮಾಡಿದ್ದರೂ, ಕೆಡವಿದಷ್ಟು ಮನೆಗಳನ್ನು ಅದೇ ಜನರಿಗೆ ಎಟಕುವ ಬಾಡಿಗೆಗೆ ಕಟ್ಟಿಕೊಡಲಾಗಲಿಲ್ಲ. ಗಿರಣಿ ಕೆಲಸಗಾರರ ಬಹುಪಾಲು ಕುಟುಂಬಗಳು ಚಾಳುಗಳಲ್ಲಿ, ಅಂದರೆ ಉದ್ದನೆಯ ಮೊಗಸಾಲೆಯ ಪಕ್ಕದಲ್ಲಿ ಸಾಲುಗಟ್ಟಿದ ಒಂದೊಂದೇ ಕೋಣೆಗಳಲ್ಲಿ, ನಲ್ಲಿ ಪಾಯಿಖಾನೆಗಳನ್ನು ಹಂಚಿಕೊಂಡು ಬದುಕುತ್ತಿದ್ದವು. ಯುದ್ಧದಿಂದ ಕಬ್ಬಿಣ, ಸಿಮೆಂಟು ದುಬಾರಿಯಾಗಿ ಕಟ್ಟಡದ ಕೆಲಸ ನಿಂತಾಗ ಇಲ್ಲಿಯೂ ಬಾಡಿಗೆ ಏರತೊಡಗಿತು. 1918ರ ಯುದ್ಧಕಾಲದ ಬಾಡಿಗೆ ನಿರ್ಬಂಧ ಕಾಯ್ದೆಯು 1916ರ ಜನವರಿ 1ರ ಬಾಡಿಗೆಯನ್ನು ಆಧಾರವಾಗಿಟ್ಟುಕೊಂಡು ಏರಿಕೆಗೆ ಮಿತಿ ಹಾಕಿತು. 1920ರಲ್ಲಿ ಕಲ್ಕತ್ತವೂ ಇಂತಹುದೇ ಕಾನೂನನ್ನು ಪಡೆಯಿತು.

ಈ ಮೊದಲ ಸುತ್ತಿನ ನಿಯಂತ್ರಣ ತಾತ್ಕಾಲಿಕ ಎಂಬ ತನ್ನ ಮಾತನ್ನು ಉಳಿಸಿಕೊಂಡಿತು. 1920ರ ದಶಕ ಮುಗಿಯುವ ಮೊದಲೇ ಮುಂಬಯಿಯಲ್ಲಿ ಅದು ಹಂತಹಂತವಾಗಿ ರದ್ದಾಯಿತು. ಅದು ಸಾಧ್ಯವಾದದ್ದಕ್ಕೆ ಒಂದು ಕಾರಣವೆಂದರೆ, ನಿಯಂತ್ರಣದ ಜೊತೆಜೊತೆಗೇ ಸರ್ಕಾರ ಮನೆ ಕಟ್ಟುವ ಕೆಲಸಕ್ಕೂ ಕೈಹಾಕಿದ್ದು. ಗವರ್ನರ್ ಜಾರ್ಜ್ ಲಾಯ್ಡ್ ಆರಂಭಿಸಿದ ಅಭಿವೃದ್ಧಿ ಇಲಾಖೆಯು ವರ್ಲಿ, ನಾಯಗಾಂವ್, ಡಿಲೈಲ್ ರಸ್ತೆ ಮತ್ತು ಶಿವ್ಡಿಗಳಲ್ಲಿ ಒಟ್ಟು 207 ಕಾಂಕ್ರೀಟು ಚಾಳುಗಳನ್ನು ಕಟ್ಟಿಸಿತು; ಇಲಾಖೆಯ ಇಂಗ್ಲಿಷ್ ಮೊದಲಕ್ಷರಗಳಿಂದ ಬಿಡಿಡಿ ಚಾಳುಗಳೆಂದು ಇಂದಿಗೂ ಕರೆಯಲ್ಪಡುವ ಇವುಗಳಲ್ಲಿ ಒಂದೇ ಕೋಣೆಯ ಹದಿನಾರು ಸಾವಿರಕ್ಕೂ ಹೆಚ್ಚು ವಸತಿಗಳಿದ್ದವು. ವರ್ಲಿಯ ಚಾಳುಗಳು ಗಿರಣಿಗಳಿಗೆ ದೂರವಾದವೆಂದು, ಒಳಗೆ ಬೆಳಕು ಗಾಳಿ ಸಾಲದೆಂದು ಜನ ಹಿಂಜರಿದು, ಎಷ್ಟೋ ಕೋಣೆಗಳು ವರ್ಷಗಟ್ಟಲೆ ಖಾಲಿ ಉಳಿದದ್ದೂ ಉಂಟು. ಆದರೂ ಬಾಡಿಗೆಯನ್ನು ನಿಯಂತ್ರಿಸುವುದರ ಜೊತೆಗೆ ಪೂರೈಕೆಯನ್ನೂ ಹೆಚ್ಚಿಸಬೇಕೆಂಬ ಅರಿವು ಆ ಯೋಜನೆಯ ಹಿಂದಿತ್ತು. ಆ ಅರಿವು ಎರಡನೆಯ ಸುತ್ತಿನಲ್ಲಿ ಕಾಣೆಯಾಯಿತು.

1939ರಲ್ಲಿ ಕಡಿಮೆ ಬಾಡಿಗೆಯ ಮನೆಗಳಿಗೆ ಮಾತ್ರ ಅನ್ವಯಿಸುವ ಒಂದು ಸೀಮಿತ ಕಾಯ್ದೆ ಬಂದಿತು. ಯುದ್ಧ ತೀವ್ರಗೊಂಡ ಮೇಲೆ 1944ರ ಕಾಯ್ದೆಯು ಹೋಟೆಲು ಮತ್ತು ವಸತಿಗೃಹಗಳನ್ನೂ ಸೇರಿಸಿಕೊಂಡು, ಪ್ರಮಾಣಿತ ಬಾಡಿಗೆಯ ದಿನಾಂಕವನ್ನು 1940ರ ಸೆಪ್ಟೆಂಬರ್ 1ಕ್ಕೆ ನಿಗದಿಪಡಿಸಿತು. ಸ್ವಾತಂತ್ರ್ಯದೊಡನೆ ದೇಶವಿಭಜನೆಯೂ ನಡೆದು, ಸಿಂಧ್ ಪ್ರಾಂತದಿಂದ ನಿರಾಶ್ರಿತರು ಮುಂಬಯಿಗೆ ಹರಿದುಬಂದಾಗ ನಗರದಲ್ಲಿ ತಲೆಯ ಮೇಲೊಂದು ಸೂರು ಸಿಗುವುದೇ ದುಸ್ತರವಾಯಿತು. ಆ ಸಂಕಟದ ನಡುವೆ ರೂಪುಗೊಂಡದ್ದು 1947ರ ಮುಂಬಯಿ ಬಾಡಿಗೆ ಕಾಯ್ದೆ. ಅದು ಜಾರಿಗೆ ಬಂದದ್ದು 1948ರ ಫೆಬ್ರವರಿ 13ರಂದು. ಹಿಂದಿನ ಕಾಯ್ದೆಯ ದಿನಾಂಕವನ್ನೇ ಅದು ಮುಂದುವರಿಸಿತು. ಯಾವುದೇ ಮನೆ 1940ರ ಸೆಪ್ಟೆಂಬರ್ 1ರಂದು ಬಾಡಿಗೆಗಿದ್ದರೆ ಆ ದಿನದ ಮೊತ್ತವೇ ಅದರ ಪ್ರಮಾಣಿತ ಬಾಡಿಗೆ. ಆ ದಿನ ಖಾಲಿಯಿದ್ದರೆ ಅದಕ್ಕೆ ಹಿಂದೆ ಕೊನೆಯದಾಗಿ ಸಂದ ಬಾಡಿಗೆ. ಆ ಬಳಿಕ ಕಟ್ಟಿದ್ದಾದರೆ ಮೊಟ್ಟಮೊದಲು ಗೊತ್ತಾದ ಬಾಡಿಗೆ. ಇದು ವಿಪರೀತವೆನಿಸಿದರೆ ನ್ಯಾಯಾಲಯವೇ ಮೊತ್ತವನ್ನು ನಿರ್ಧರಿಸಬಹುದಾಗಿತ್ತು.

ಏರಿಕೆಗೆ ಈ ಕಾಯ್ದೆ ಒಪ್ಪಿದ ಕಾರಣಗಳು ಬಹಳ ಕಡಿಮೆ. ಕಟ್ಟಡದಲ್ಲಿ ಹೊಸದಾಗಿ ಏನನ್ನಾದರೂ ಸೇರಿಸಿದ್ದರೆ ಅಥವಾ ಸುಧಾರಿಸಿದ್ದರೆ ಅದರ ವೆಚ್ಚಕ್ಕೆ ತಕ್ಕ ಹೆಚ್ಚಳ, ನಗರಸಭೆಯ ತೆರಿಗೆ ಏರಿದ್ದರೆ ಆ ವ್ಯತ್ಯಾಸದ ವಸೂಲಿ, ಇವಿಷ್ಟೇ. ಗಾರೆ, ಮರ, ಕೂಲಿಯ ದರಗಳು ಎಷ್ಟೇ ಏರಿದರೂ ವರ್ಷವರ್ಷದ ಸಾಮಾನ್ಯ ದುರಸ್ತಿಗೆಂದು ಒಂದು ಆಣೆಯನ್ನೂ ಹೆಚ್ಚು ಕೇಳುವಂತಿರಲಿಲ್ಲ. ಪ್ರಮಾಣಿತ ಬಾಡಿಗೆಗಿಂತ ಹೆಚ್ಚಿಗೆ ಪಡೆಯುವುದು ಕಾನೂನುಬಾಹಿರ. ಮನೆ ಕೊಡುವಾಗ ಬಾಡಿಗೆಯ ಹೊರತಾಗಿ ಇಡಿಗಂಟು ಕೇಳುವುದು, ಅಂದರೆ ಪಗಡಿ ಪಡೆಯುವುದು, ಶಿಕ್ಷಾರ್ಹ ಅಪರಾಧ. ಬಾಡಿಗೆ ಸಲ್ಲಿಸುತ್ತಿರುವ ತನಕ ಬಾಡಿಗೆದಾರನನ್ನು ಎಬ್ಬಿಸುವಂತಿಲ್ಲ. ಬಾಕಿ, ಅನಧಿಕೃತ ಒಳಬಾಡಿಗೆ, ಕಟ್ಟಡಕ್ಕೆ ಹಾನಿ, ಮಾಲೀಕನ ಸ್ವಂತ ವಾಸದ ನೈಜ ಅಗತ್ಯ ಮುಂತಾದ ಕೆಲವೇ ಕಾರಣಗಳಿಗೆ ನ್ಯಾಯಾಲಯದ ಮೂಲಕ ತೆರವು ಕೋರಬಹುದು, ಅದರಲ್ಲಿಯೂ ಯಾರಿಗೆ ಹೆಚ್ಚು ಕಷ್ಟವಾದೀತೆಂಬುದನ್ನು ನ್ಯಾಯಾಲಯ ತೂಗಿ ನೋಡಬೇಕು. ಬಾಡಿಗೆದಾರ ತೀರಿಕೊಂಡರೆ ಅವನೊಡನೆ ವಾಸವಿದ್ದ ಕುಟುಂಬದವರಿಗೆ ಅದೇ ಹಕ್ಕು ಅದೇ ಬಾಡಿಗೆಗೆ ಇಳಿದುಬರುತ್ತಿತ್ತು.

ಮಾಲೀಕನ ಮರ್ಜಿಯ ಮೇಲೆ ಬದುಕುತ್ತಿದ್ದ ಗಿರಣಿಯ ನೌಕರನಿಗೆ, ಗುಮಾಸ್ತನಿಗೆ, ವಿಧವೆಗೆ ಈ ಕಾಯ್ದೆ ಮೊದಲ ಬಾರಿಗೆ ನೆಮ್ಮದಿಯ ನೆಲೆ ಕೊಟ್ಟಿತೆಂಬುದನ್ನು ಮರೆತು ಅದರ ಚರಿತ್ರೆಯನ್ನು ಬರೆಯಲಾಗದು. ತಿಂಗಳ ಸಂಬಳದಲ್ಲಿ ಬಾಡಿಗೆಗೆ ಹೋಗುವ ಪಾಲು ನಿಶ್ಚಿತವಾದುದರಿಂದಲೇ ಮಕ್ಕಳನ್ನು ಓದಿಸಲು ಸಾಧ್ಯವಾದ ತಲೆಮಾರೊಂದು ಗಿರ್ಗಾಂವ್, ದಾದರ್, ಪರೇಲ್‌ಗಳ ಚಾಳುಗಳಲ್ಲಿ ಬೆಳೆಯಿತು. ಹಗಲು ಹೋಟೆಲಿನಲ್ಲೋ ಕಚೇರಿಯಲ್ಲೋ ದುಡಿದು ಸಂಜೆ ಕನ್ನಡ ರಾತ್ರಿಶಾಲೆಗೆ ಹೋಗುತ್ತಿದ್ದ ಕರಾವಳಿಯ ಹುಡುಗರೂ ಅದೇ ನಗರದಲ್ಲಿ ನೆಲೆ ಕಂಡುಕೊಂಡರು. ಕಾನೂನಿನ ಉದ್ದೇಶ ತಪ್ಪಾಗಿರಲಿಲ್ಲ. ತಪ್ಪಿದ್ದದ್ದು ಅದರ ಗಡಿಯಾರದಲ್ಲಿ. ಕೆಲವೇ ವರ್ಷಗಳ ಅವಧಿಗೆಂದು ಜಾರಿಯಾದ ಈ ಕಾಯ್ದೆಯನ್ನು ಶಾಸನಸಭೆಯು ಸುಮಾರು 20 ಬಾರಿ ವಿಸ್ತರಿಸಿತು, ಆದರೆ ವಿಸ್ತರಿಸಿದ ಪ್ರತಿ ಸಲವೂ 1940ರ ದಿನಾಂಕವನ್ನು ಮುಟ್ಟದೆ ಬಿಟ್ಟಿತು. ಬಾಡಿಗೆದಾರರ ಮತಗಳು ಮಾಲೀಕರ ಮತಗಳಿಗಿಂತ ಎಷ್ಟೋ ಪಟ್ಟು ಹೆಚ್ಚಾಗಿದ್ದ ನಗರದಲ್ಲಿ ಬಾಡಿಗೆ ಏರಿಸುವ ಮಸೂದೆಯನ್ನು ಮಂಡಿಸುವ ಧೈರ್ಯ ಯಾವ ಪಕ್ಷಕ್ಕೂ ಬರಲಿಲ್ಲ.

ಪರಿಣಾಮಗಳು ಒಂದರ ಹಿಂದೊಂದರಂತೆ ಬಂದವು. ಇಡೀ ಚಾಳಿನ ಬಾಡಿಗೆಯನ್ನು ಒಟ್ಟುಗೂಡಿಸಿದರೂ ಮಾಡಿನ ಹೆಂಚು ಬದಲಿಸಲು ಸಾಲದೆ ಹೋದಾಗ ಮಾಲೀಕರು ದುರಸ್ತಿಯನ್ನು ಕೈಬಿಟ್ಟರು. ಬಾಡಿಗೆದಾರರು ಅದು ಮಾಲೀಕನ ಕರ್ತವ್ಯವೆಂದು ಸುಮ್ಮನುಳಿದರು. ಮುಂಬಯಿಯ ಮಳೆಗೆ ಮರದ ತೊಲೆಗಳು ಕೊಳೆತು, 1960ರ ದಶಕದ ಹೊತ್ತಿಗೆ ಮಳೆಗಾಲ ಬಂತೆಂದರೆ ಕಟ್ಟಡ ಕುಸಿತದ ಸುದ್ದಿಯೂ ಬರುವುದು ವಾಡಿಕೆಯಾಯಿತು. 1969ರಲ್ಲಿ ಸರ್ಕಾರವೇ ದುರಸ್ತಿ ಮಂಡಳಿಯನ್ನು ಸ್ಥಾಪಿಸಿ, ದಕ್ಷಿಣ ಮತ್ತು ಮಧ್ಯ ಮುಂಬಯಿಯ ಹಳೆಯ ಬಾಡಿಗೆ ಕಟ್ಟಡಗಳ ಮೇಲೆ ಉಪಕರ ಹಾಕಿ, ಆ ಹಣದಿಂದ ರಿಪೇರಿ ಮಾಡಿಸುವ ಹೊಣೆ ಹೊತ್ತಿತು. ಹೀಗೆ ಉಪಕರಕ್ಕೆ ಒಳಪಟ್ಟ ಕಟ್ಟಡಗಳ ಸಂಖ್ಯೆ 19,642. ಅವುಗಳಲ್ಲಿ 16,502 ಕಟ್ಟಡಗಳು 1940ರ ಸೆಪ್ಟೆಂಬರ್‌ಗೂ ಹಿಂದಿನವು. ಬಾಡಿಗೆಯಲ್ಲಿ ಸೇರಬೇಕಾಗಿದ್ದ ದುರಸ್ತಿಯ ವೆಚ್ಚವನ್ನು ತೆರಿಗೆಯ ರೂಪದಲ್ಲಿ ವಸೂಲು ಮಾಡಬೇಕಾಗಿ ಬಂದದ್ದು, ಬಾಡಿಗೆಯ ನಿಯಮ ಸೋತಿತೆಂಬುದಕ್ಕೆ ಸರ್ಕಾರವೇ ಕೊಟ್ಟ ಸಾಕ್ಷಿಯಾಗಿತ್ತು.

ನಗರಸಭೆಯ ಬೊಕ್ಕಸಕ್ಕೂ ಪೆಟ್ಟು ಬಿದ್ದಿತು. ಆ ಕಾಲದ ಆಸ್ತಿ ತೆರಿಗೆಯ ಲೆಕ್ಕಕ್ಕೆ ಆಧಾರ, ಒಂದು ಮನೆ ವರ್ಷಕ್ಕೆ ನ್ಯಾಯವಾಗಿ ಎಷ್ಟು ಬಾಡಿಗೆ ತರಬಲ್ಲದು ಎಂಬ ಅಂದಾಜು. ಕಾನೂನು ಒಪ್ಪುವ ಬಾಡಿಗೆಗಿಂತ ಹೆಚ್ಚನ್ನು ಆ ಅಂದಾಜಿಗೆ ಹಿಡಿಯುವಂತಿಲ್ಲವೆಂದು 1970ರ ದಶಕದ ಕೊನೆಯಲ್ಲಿ ದೆಹಲಿಯ ದೇವನ್ ದೌಲತ್ ರಾಯ್ ಕಪೂರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತುದರಿಂದ, ಬಾಡಿಗೆ ನಿಂತಲ್ಲಿ ತೆರಿಗೆಯೂ ನಿಂತಿತು. ನೀರು, ಚರಂಡಿ, ಕಸದ ವ್ಯವಸ್ಥೆಯ ವೆಚ್ಚವೇನೂ ನಿಲ್ಲಲಿಲ್ಲ. ಮುಂಬಯಿ ಮಹಾನಗರಪಾಲಿಕೆ ಬಾಡಿಗೆಯ ಬದಲು ಆಸ್ತಿಯ ಬಂಡವಾಳ ಮೌಲ್ಯವನ್ನು ತೆರಿಗೆಗೆ ಆಧಾರ ಮಾಡಿಕೊಳ್ಳಲು 2010ರವರೆಗೆ ಕಾಯಬೇಕಾಯಿತು.

ಅಪರಾಧವೆಂದು ಸಾರಿದ್ದ ಪಗಡಿ ಈ ನಡುವೆ ನಗರದ ನಿತ್ಯ ವ್ಯವಹಾರವಾಗಿ ಬೆಳೆಯಿತು. ಕಾಗದದ ಮೇಲಿನ ಬಾಡಿಗೆಗೂ ಮನೆಯ ನಿಜವಾದ ಬೆಲೆಗೂ ಅಂತರ ಬೆಳೆದಂತೆ, ಮನೆ ಬಿಟ್ಟುಹೋಗುವ ಬಾಡಿಗೆದಾರ ಒಳಬರುವವನಿಂದ ದೊಡ್ಡ ಮೊತ್ತವನ್ನು ರೊಕ್ಕದಲ್ಲಿ ಪಡೆದು, ರಸೀದಿಯ ಹೆಸರು ಬದಲಿಸಿಕೊಡುವುದಕ್ಕಾಗಿ ಮಾಲೀಕನಿಗೆ ಅದರಲ್ಲೊಂದು ಪಾಲು ಕೊಡುತ್ತಿದ್ದ. ಬಾಡಿಗೆ ಅಗ್ಗ, ಆದರೆ ಆ ಅಗ್ಗದ ಬಾಡಿಗೆಯನ್ನು ಪಡೆಯುವ ಹಕ್ಕು ಬಲು ದುಬಾರಿ ಎಂಬ ವಿಚಿತ್ರ ಸ್ಥಿತಿ ಇದರಿಂದ ಉಂಟಾಯಿತು. ಇಡಿಗಂಟು ಹೊಂದಿಸಲಾಗದೆ ಊರಿಂದ ಹೊಸದಾಗಿ ಬಂದ ಬಡವ ಕಾನೂನಿನ ರಕ್ಷಣೆಯಿಂದ ಹೊರಗೇ ಉಳಿದು ಜೋಪಡಿಯ ದಾರಿ ಹಿಡಿದ. ಮಾಲೀಕರು ಕಂಡುಕೊಂಡ ಇನ್ನೊಂದು ಉಪಾಯ ಪರವಾನಗಿ ಕರಾರು. ಮನೆಯನ್ನು ಬಾಡಿಗೆಗೆ ಕೊಟ್ಟಿಲ್ಲ, ತಾತ್ಕಾಲಿಕವಾಗಿ ಬಳಸಲು ಅನುಮತಿಯನ್ನಷ್ಟೇ ನೀಡಲಾಗಿದೆ ಎಂದು ಬರೆಸಿಕೊಂಡು ಕಾಯ್ದೆಯಿಂದ ತಪ್ಪಿಸಿಕೊಳ್ಳುವುದು ಅದರ ಗುರಿ. 1973ರ ತಿದ್ದುಪಡಿಯು ಆ ವರ್ಷದ ಫೆಬ್ರವರಿ 1ರಂದು ಚಾಲ್ತಿಯಲ್ಲಿದ್ದ ಪರವಾನಗಿದಾರರನ್ನೆಲ್ಲ ಒಂದೇ ಏಟಿಗೆ ಸಂರಕ್ಷಿತ ಬಾಡಿಗೆದಾರರನ್ನಾಗಿ ಮಾಡಿತು. ಅಂದು ಒಳಗಿದ್ದವರಿಗೆ ಅದು ದೊಡ್ಡ ವರವಾಯಿತು. ಆದರೆ ಮನೆಯನ್ನು ಇನ್ನೊಬ್ಬರ ಕೈಗೆ ಕೊಡುವುದಕ್ಕಿಂತ ಬೀಗ ಹಾಕಿಡುವುದೇ ಲೇಸೆಂಬ ಪಾಠವನ್ನು ಆಸ್ತಿವಂತರು ಅದರಿಂದ ಕಲಿತರು.

ಬಾಡಿಗೆಗೆಂದು ಮನೆ ಕಟ್ಟುವವರು ಇಲ್ಲದಂತಾದದ್ದು ಈ ಕಾಯ್ದೆಯೊಂದರಿಂದಲೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಬೆಲೆಗೆ ಮಿತಿ ಹಾಕಿದರೆ ಪೂರೈಕೆ ಬತ್ತುವುದು ಸಹಜವೆಂದು ಅರ್ಥಶಾಸ್ತ್ರಜ್ಞರಲ್ಲಿ ಹೆಚ್ಚಿನವರು ವಾದಿಸುತ್ತಾರೆ. ನಗರದ ಭೂಮಿಯ ಬೆಲೆ, ಗೃಹಸಾಲದ ಅಭಾವ, ಫ್ಲಾಟುಗಳನ್ನು ಬಿಡಿಬಿಡಿಯಾಗಿ ಮಾರುವ ಪದ್ಧತಿಗೆ 1960ರ ದಶಕದಲ್ಲಿ ಸಿಕ್ಕ ಶಾಸನದ ಮನ್ನಣೆ, 1976ರ ನಗರ ಭೂಮಿತಿ ಕಾಯ್ದೆ ಇವೆಲ್ಲವೂ ಅಷ್ಟೇ ಕಾರಣ ಎಂಬುದು ಇನ್ನೊಂದು ಪಂಥದ ಪ್ರತಿಪಾದನೆ; ಕಟ್ಟಿದ ಕೂಡಲೇ ಮಾರಿ ಲಾಭ ಪಡೆಯಬಹುದಾದಾಗ ಬಾಡಿಗೆಗಾಗಿ ಕಾಯುವವರು ಯಾರು ಎಂಬ ಅವರ ಪ್ರಶ್ನೆಯಲ್ಲಿ ತಿರುಳಿದೆ. ಜನಗಣತಿಯ ಅಂಕಿಗಳಂತೆ ಭಾರತದ ನಗರವಾಸಿ ಕುಟುಂಬಗಳಲ್ಲಿ ಬಾಡಿಗೆ ಮನೆಯಲ್ಲಿರುವವರ ಪಾಲು 1961ರಲ್ಲಿ ಅರ್ಧಕ್ಕಿಂತ ಹೆಚ್ಚಿದ್ದುದು 2011ರಲ್ಲಿ ಕಾಲು ಭಾಗಕ್ಕಿಂತ ತುಸು ಮೇಲಿನ ಮಟ್ಟಕ್ಕೆ ಇಳಿದಿತ್ತು, ಮತ್ತು ಅದೇ 2011ರ ಗಣತಿ ನಗರಗಳಲ್ಲಿ ಒಂದು ಕೋಟಿಗೂ ಹೆಚ್ಚು ಖಾಲಿ ಮನೆಗಳನ್ನು ಎಣಿಸಿತು. ಇಷ್ಟು ದೊಡ್ಡ ಬದಲಾವಣೆಯನ್ನು ಒಂದೇ ಕಾನೂನಿನ ತಲೆಗೆ ಕಟ್ಟುವುದು ಸರಿಯಾಗದು. ಆದರೆ ಬೀಗ ಹಾಕಿದ ಮನೆಗಳಲ್ಲಿ ಆ ಕಾನೂನಿನ ಭಯಕ್ಕೂ ಪಾಲಿದೆಯೆಂಬುದನ್ನು ಅಲ್ಲಗಳೆಯಲಾಗದು.

ಬದಲಾವಣೆಯ ಗಾಳಿ ಬೀಸಿದ್ದು ನ್ಯಾಯಾಲಯಗಳ ಕಡೆಯಿಂದ. ಮೊದಲು ಪರೀಕ್ಷೆಗೆ ಒಳಗಾದದ್ದು ನಿಯಮವಲ್ಲ, ವಿನಾಯಿತಿ. ಆಂಧ್ರಪ್ರದೇಶದ ಕಾಯ್ದೆಯು 1957ರ ಆಗಸ್ಟ್ 26ರ ನಂತರ ಕಟ್ಟಿದ ಕಟ್ಟಡಗಳನ್ನೆಲ್ಲ, ಹೊಸ ನಿರ್ಮಾಣಕ್ಕೆ ಉತ್ತೇಜನ ಸಿಗಲೆಂದು, ನಿಯಂತ್ರಣದಿಂದ ಬಿಟ್ಟಿತ್ತು. ಕಾಲು ಶತಮಾನ ಕಳೆದರೂ ಆ ವಿನಾಯಿತಿ ಹಾಗೆಯೇ ಇತ್ತು. 1983ರಲ್ಲಿ ಮೋಟಾರ್ ಜನರಲ್ ಟ್ರೇಡರ್ಸ್ ಪ್ರಕರಣದಲ್ಲಿ, ಮೈಸೂರು ಸೀಮೆಯವರೂ ಮುಂದೆ ಭಾರತದ ಮುಖ್ಯ ನ್ಯಾಯಮೂರ್ತಿಯಾದವರೂ ಆದ ಇ.ಎಸ್. ವೆಂಕಟರಾಮಯ್ಯನವರು, ಹುಟ್ಟಿದಾಗ ಸಕಾರಣವಾಗಿದ್ದ ತಾರತಮ್ಯವು ಕಾಲ ಸರಿದಂತೆ ಸಮರ್ಥನೆಯನ್ನು ಕಳೆದುಕೊಂಡು ಸಂವಿಧಾನದ ಸಮಾನತೆಯ ತತ್ತ್ವಕ್ಕೆ ವಿರುದ್ಧವಾಗಬಲ್ಲದೆಂದು ಹೇಳಿ ಆ ವಿನಾಯಿತಿಯನ್ನು ರದ್ದುಪಡಿಸಿದರು. ಬಾಡಿಗೆದಾರರ ಪರವಾಗಿ ಬಂದ ಈ ತರ್ಕವನ್ನೇ ಹದಿನಾಲ್ಕು ವರ್ಷಗಳ ನಂತರ ಮುಂಬಯಿಯ ಮಾಲೀಕರು ಹಿಡಿದುಕೊಂಡರು. ಮಲ್ಪೆ ವಿಶ್ವನಾಥ ಆಚಾರ್ಯ ಪ್ರಕರಣವೆಂದು ಕಾನೂನು ವರದಿಗಳಲ್ಲಿ ಪ್ರಸಿದ್ಧವಾದ ಮೊಕದ್ದಮೆಯಲ್ಲಿ 1997ರ ಡಿಸೆಂಬರ್ 19ರಂದು ಸರ್ವೋಚ್ಚ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠದ ಪರವಾಗಿ ಬಿ.ಎನ್. ಕಿರ್ಪಾಲ್ ಅವರು ಬರೆದ ತೀರ್ಪು, 1940ರ ಮಟ್ಟದಲ್ಲಿ ಬಾಡಿಗೆಯನ್ನು ಸ್ತಂಭನಗೊಳಿಸುವ ಕಲಮುಗಳು ಒಮ್ಮೆ ನ್ಯಾಯಸಮ್ಮತವಾಗಿದ್ದರೂ ಹಣದುಬ್ಬರದ ಅರ್ಧ ಶತಮಾನ ಕಳೆದ ಮೇಲೆ ಅಸಮಂಜಸವೂ ಮನಸ್ವಿಯೂ ಆಗಿವೆಯೆಂದು ಸಾರಿತು. ಬಾಡಿಗೆದಾರನ ರಕ್ಷಣೆಗೆ ಅಗತ್ಯವಾದುದಕ್ಕಿಂತ ಮಿಗಿಲಾದ ಲಾಭವನ್ನು ಮಾಲೀಕನ ಖರ್ಚಿನಲ್ಲಿ ಒದಗಿಸುವುದು ಸಮಾಜಕಲ್ಯಾಣದ ಕಾನೂನಿನ ಕೆಲಸವಲ್ಲವೆಂಬುದು ಅದರ ಸಾರ. ಆದರೂ ಕಾಯ್ದೆಯ ಚಾಲ್ತಿಯ ಅವಧಿ ಮುಂದಿನ ಮಾರ್ಚ್ 31ಕ್ಕೇ ಮುಗಿಯಲಿದ್ದುದರಿಂದಲೂ ಹೊಸ ಶಾಸನ ಪರಿಶೀಲನೆಯಲ್ಲಿದ್ದುದರಿಂದಲೂ ಪೀಠವು ಕಲಮುಗಳನ್ನು ಒಮ್ಮೆಲೇ ಹೊಡೆದುಹಾಕದೆ, ಹಳೆಯ ರೂಪದಲ್ಲೇ ಮತ್ತೆ ವಿಸ್ತರಿಸುವುದಕ್ಕೆ ಸಮರ್ಥನೆ ಇರದೆಂಬ ಸ್ಪಷ್ಟ ಎಚ್ಚರಿಕೆ ಕೊಟ್ಟು, ಹೊಣೆಯನ್ನು ಶಾಸಕಾಂಗಕ್ಕೆ ಬಿಟ್ಟಿತು.

ಹೀಗೆ ಬಂದ 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ 2000ದ ಮಾರ್ಚ್ 31ರಂದು ಜಾರಿಯಾಯಿತು. ಹಳೆಯ ಬಾಡಿಗೆಗಳ ಮೇಲೆ ಶೇ. 5ರ ಒಂದು ಏರಿಕೆ, ಬಳಿಕ ವರ್ಷಕ್ಕೆ ಶೇ. 4ರ ಹೆಚ್ಚಳ ಎಂಬ ನಿಯಮವನ್ನು ಅದು ತಂದಿತು. ಬಾಡಿಗೆ ತಾನಾಗಿಯೇ ಚಲಿಸುವ ಕ್ರಮ ಅರವತ್ತು ವರ್ಷಗಳಲ್ಲಿ ಬಂದದ್ದು ಇದೇ ಮೊದಲು. ಬ್ಯಾಂಕುಗಳು, ಸಾರ್ವಜನಿಕ ಉದ್ಯಮಗಳು, ಬಹುರಾಷ್ಟ್ರೀಯ ಸಂಸ್ಥೆಗಳು ಮತ್ತು ಒಂದು ಕೋಟಿ ರೂಪಾಯಿ ಅಥವಾ ಹೆಚ್ಚಿನ ಪಾವತಿಯಾದ ಷೇರು ಬಂಡವಾಳವುಳ್ಳ ಕಂಪನಿಗಳು ಬಾಡಿಗೆದಾರರಾಗಿದ್ದರೆ ಅವುಗಳಿಗೆ ಕಾಯ್ದೆಯ ರಕ್ಷಣೆ ಇಲ್ಲವೆಂದಿತು. ದೊಡ್ಡ ಸಂಸ್ಥೆಗಳು ಹಳೆಯ ಬಾಡಿಗೆಯ ನೆರಳಲ್ಲಿ ಕೂತಿದ್ದ ಅನ್ಯಾಯ ಇದರಿಂದ ನೀಗಿತು. ಪರವಾನಗಿ ಕರಾರಿಗೆ ಕಾನೂನಿನ ಸ್ಥಾನ ದೊರೆಯಿತು, ಪಗಡಿ ಅಪರಾಧವಾಗಿ ಉಳಿಯದೆ ಕಾನೂನುಬದ್ಧ ವ್ಯವಹಾರವಾಯಿತು. ಆದರೆ ಹಿಂದಿನ ದಶಕಗಳಲ್ಲಿ ಬಿದ್ದ ಕಂದಕವನ್ನು ಶೇ. 4 ಮುಚ್ಚಲಾರದು: ತಿಂಗಳಿಗೆ 30 ರೂಪಾಯಿ ಬಾಡಿಗೆಯ ಕೋಣೆಯೊಂದನ್ನು ಉದಾಹರಣೆಗೆ ತೆಗೆದುಕೊಂಡರೆ, ಹೊಸ ಕಾಯ್ದೆಯಂತೆ ಅದು 31 ರೂಪಾಯಿ 50 ಪೈಸೆಯಾಗಿ, ಏರಿಕೆಯ ಮೇಲೆ ಏರಿಕೆ ಕೂಡುತ್ತ ಹೋದರೂ 25 ವರ್ಷಗಳ ಕೊನೆಗೆ ತಲುಪುವುದು ಸುಮಾರು 84 ರೂಪಾಯಿಗೆ. ಇಂತಹ ಬಾಡಿಗೆಯೇ ಇನ್ನೊಂದು ದೀರ್ಘ ವ್ಯಾಜ್ಯಕ್ಕೂ ಬೀಜವಾಗಿತ್ತು. ಉಪಕರದ ಕಟ್ಟಡಗಳ ನಿವಾಸಿಗಳಲ್ಲಿ ಶೇ. 70ರಷ್ಟು ಜನ ಕೋರಿದರೆ, ತಿಂಗಳ ಬಾಡಿಗೆಯ ನೂರು ಪಟ್ಟು ಪರಿಹಾರ ಕೊಟ್ಟು ಆ ಕಟ್ಟಡಗಳನ್ನು ಸರ್ಕಾರ ವಶಪಡಿಸಿಕೊಳ್ಳಬಹುದೆಂಬ 1986ರ ತಿದ್ದುಪಡಿಯನ್ನು ಮಾಲೀಕರು ಪ್ರಶ್ನಿಸಿದ್ದರು. 30 ರೂಪಾಯಿಯ ಕೋಣೆಗೆ ನೂರು ಪಟ್ಟೆಂದರೆ ಮೂರು ಸಾವಿರ. ಆ ಮೊಕದ್ದಮೆಯಿಂದ ಎದ್ದ ಸಂವಿಧಾನದ ಪ್ರಶ್ನೆಗೆ ಒಂಬತ್ತು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರ್ 5ರಂದು ಉತ್ತರ ನೀಡಿ, ಖಾಸಗಿ ಆಸ್ತಿಯೆಲ್ಲವನ್ನೂ ಸಮುದಾಯದ ಸಂಪನ್ಮೂಲವೆಂದು ಪರಿಗಣಿಸಲಾಗದೆಂದಿತು.

ಕರ್ನಾಟಕಕ್ಕೂ ಈ ಚರಿತ್ರೆಯಲ್ಲಿ ನೇರ ಪಾಲಿದೆ. ಏಕೀಕರಣದ ಸಮಯದಲ್ಲಿ ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳ ಸೀಮೆಯಲ್ಲಿ ಮುಂಬಯಿಯ 1947ರ ಕಾಯ್ದೆ, ಕಲಬುರ್ಗಿಯ ಕಡೆ ಹೈದರಾಬಾದಿನದು, ದಕ್ಷಿಣ ಕನ್ನಡದಲ್ಲಿ ಮದರಾಸಿನದು, ಹಳೆಯ ಮೈಸೂರಿನಲ್ಲಿ 1951ರ ಮೈಸೂರು ಕಾಯ್ದೆ ಹೀಗೆ ಬೇರೆಬೇರೆ ಕಾನೂನುಗಳಿದ್ದವು. ಇವುಗಳ ಜಾಗದಲ್ಲಿ 1961ರ ಮೈಸೂರು ಬಾಡಿಗೆ ನಿಯಂತ್ರಣ ಕಾಯ್ದೆ ಬಂದಿತು. ಮನೆ ಖಾಲಿಯಾದರೆ ಮಾಲೀಕ ಅದನ್ನು ಬಾಡಿಗೆ ನಿಯಂತ್ರಣಾಧಿಕಾರಿಗೆ ತಿಳಿಸಬೇಕಾಗಿತ್ತು, ಅಧಿಕಾರಿ ಅದನ್ನು ಬೇಕಾದವರಿಗೆ ಹಂಚಬಹುದಾಗಿತ್ತು. ಬೆಂಗಳೂರಿನ ವಠಾರಗಳಲ್ಲಿ ರೆಂಟ್ ಕಂಟ್ರೋಲರ್ ಎಂಬ ಹೆಸರು ಒಂದು ಕಾಲಕ್ಕೆ ಮನೆಮಾತಾಗಿತ್ತು. ಮುಂಬಯಿಯ ಕಾಯ್ದೆಯಂತೆ ಇದೂ ಅವಧಿಯಿಂದ ಅವಧಿಗೆ ಮುಂದುವರಿಯುತ್ತ 2001ರ ಡಿಸೆಂಬರ್ ಕೊನೆಯವರೆಗೆ ಬಾಳಿತು. ಅದರ ಸ್ಥಾನದಲ್ಲಿ ಜಾರಿಯಾದ ಕರ್ನಾಟಕ ಬಾಡಿಗೆ ಕಾಯ್ದೆ, 1999, ಪ್ರಮಾಣಿತ ಬಾಡಿಗೆಯನ್ನು ಹಳೆಯ ದಿನಾಂಕಕ್ಕೆ ಕಟ್ಟಿಹಾಕದೆ, ಜಾಗದ ಬೆಲೆ ಮತ್ತು ನಿರ್ಮಾಣ ವೆಚ್ಚಗಳ ಮೊತ್ತದ ಶೇ. 10ರ ಲೆಕ್ಕಕ್ಕೆ ಜೋಡಿಸಿತು. ಅದೇ ಕಾಯ್ದೆ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದ ಊರುಗಳಲ್ಲಿ 2,000 ರೂಪಾಯಿಗಿಂತ ಹೆಚ್ಚು ಬಾಡಿಗೆಯ ವಾಸದ ಮನೆಗಳನ್ನು ತನ್ನ ವ್ಯಾಪ್ತಿಯಿಂದ ಬಿಟ್ಟಿತು. ಮುಂಬಯಿಯಲ್ಲಿ ದಿನಾಂಕ ನಿಂತಿತ್ತು. ಇಲ್ಲಿ ರೂಪಾಯಿಯ ಅಂಕಿ ನಿಂತಿತು. 2001ರಲ್ಲಿ ಮಧ್ಯಮ ವರ್ಗದ ಮನೆಯನ್ನು ಸಿರಿವಂತರ ಮನೆಯಿಂದ ಬೇರ್ಪಡಿಸುತ್ತಿದ್ದ ಮಿತಿಯೇ ಬೆಲೆಗಳು ಏರಿದಂತೆ ಕೆಳಗುಳಿದು, ಒಂದು ಕೋಣೆಯ ಮನೆಯೂ ಅದನ್ನು ದಾಟಿದ ಮೇಲೆ, ವಿನಾಯಿತಿಯೇ ನಿಯಮವಾಯಿತು. ಅಂತಹ ಮನೆಗಳ ಬಾಡಿಗೆ ಎಷ್ಟು ಏರಬೇಕೆಂಬುದನ್ನು ನೋಂದಣಿಯ ಗೊಡವೆ ತಪ್ಪಿಸಲು ಬರೆಯುವ ಹನ್ನೊಂದು ತಿಂಗಳ ಕರಾರೇ ನಿರ್ಧರಿಸುತ್ತದೆ. ಕರಾರು ಮುಗಿದು ಮಾತು ಹೊಂದದಿದ್ದರೆ ಬಾಡಿಗೆದಾರನಿಗೆ ಉಳಿಯುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಹದಿನೈದು ದಿನಗಳ ನೋಟಿಸು.

ಕೇಂದ್ರ ಸಂಪುಟ 2021ರ ಜೂನ್ 2ರಂದು ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯೂ ಏರಿಕೆಗೆ ಶೇಕಡಾವಾರು ಮಿತಿ ಹಾಕುವುದಿಲ್ಲ. ವಾಸದ ಮನೆಯ ಅಡ್ವಾನ್ಸು ಎರಡು ತಿಂಗಳ ಬಾಡಿಗೆಯನ್ನು ಮೀರಕೂಡದು, ಕರಾರಿನಲ್ಲಿ ಬರೆದಿರದಿದ್ದರೆ ಅವಧಿಯ ನಡುವೆ ಬಾಡಿಗೆ ಏರಿಸಕೂಡದು, ಏರಿಸುವ ಮೂರು ತಿಂಗಳು ಮೊದಲೇ ಲಿಖಿತವಾಗಿ ತಿಳಿಸಬೇಕು ಎಂಬಷ್ಟಕ್ಕೆ ಅದು ನಿಲ್ಲುತ್ತದೆ. ಹಳೆಯ ಬಾಡಿಗೆಗಳನ್ನು ಅದು ಮುಟ್ಟುವುದಿಲ್ಲ, ಮತ್ತು ರಾಜ್ಯಗಳು ಒಪ್ಪಿಕೊಂಡಲ್ಲಿ ಮಾತ್ರ ಅದಕ್ಕೆ ಬಲ. ಇದನ್ನು ಅಳವಡಿಸಿಕೊಳ್ಳುವ ಯಾವುದೇ ರಾಜ್ಯದ ಶಾಸಕರು, ಕಾಯ್ದೆಯಲ್ಲಿ ಬರೆಯುವ ಪ್ರತಿಯೊಂದು ದಿನಾಂಕವನ್ನೂ ಮಿತಿಯನ್ನೂ ಗೊತ್ತಾದ ವರ್ಷಗಳಿಗೊಮ್ಮೆ ಪರಿಷ್ಕರಿಸುವ ಕಲಮನ್ನು ಅದೇ ಕಾಯ್ದೆಯೊಳಗೆ ಸೇರಿಸಬೇಕು. 1947ರ ಕಾಯ್ದೆಯಲ್ಲೂ 3,500 ರೂಪಾಯಿಯ ಮಿತಿಯಲ್ಲೂ ಇಲ್ಲದೆ ಹೋದದ್ದು ಆ ಒಂದು ಕಲಂ.